ರಿಜೆಕ್ಟ್ ಬುಟ್ಟಿಗೆ ಬಿದ್ದ ಮೊದಲ ಹೆಜ್ಜೆ

ಬಟ್ಟೆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಚೆಕಿಂಗ್ ಅಕ್ಕ ಎಂದೇ. ಹೊಲಿದು ಬಂದ ಅಂಗಿಯನ್ನು ಅವಳು ಮೊದಲು ಒಳಮಗ್ಗುಲು ತಿರುಗಿಸುತ್ತಾಳೆ. "ಹೊರಗಡೆ ಎಲ್ಲಾ ಚೆನ್ನಾಗೇ ಇರುತ್ತೆ, ಒಳಗಡೆ ನೋಡ್ಬೇಕು" ಎನ್ನುತ್ತಾಳೆ. ಹೊಲಿಗೆ ಸೊಟ್ಟಗಿದ್ದರೆ, ಇದೆಯೇನೋ ಎಂಬ ಅನುಮಾನ ಬಂದರೂ ಸಾಕು, ಅಂಗಿ ಕಾಲಬಳಿಯ ರಿಜೆಕ್ಟ್ ಬುಟ್ಟಿಗೆ. ಮೊಸರಲ್ಲಿ ಕಲ್ಲು ಹುಡುಕುತ್ತಾಳೆ ಎಂದು ಹೊಲಿಯುವವರು ಬೈದುಕೊಳ್ಳುತ್ತಾರೆ. ಹುಡುಕುವುದಕ್ಕೇ ಸಂಬಳ ಎಣಿಸುವವಳು ಅಂಥ ಮಾತಿಗೆಲ್ಲ ಸೊಪ್ಪು ಹಾಕುವುದಿಲ್ಲ.

ಎಷ್ಟು ತಿರುಗಿಸಿ ನೋಡಿದರೂ ತಪ್ಪು ಸಿಗದ ಹೆಂಗಸು ಒಬ್ಬಳೇ, ಬೀಗಿತ್ತಿ. ಸಿಗುವುದಿಲ್ಲ ಎನ್ನುವುದೇ ಕೋಪ. ಮಗಳು ದೂರದ ಊರಿನಲ್ಲಿ ನರ್ಸು. ಅವಳು ಡ್ಯೂಟಿಗೆ ಹೋದರೆ ಪುಟ್ಟ ಮೊಮ್ಮಗಳು ಅತ್ತೆಯ ಮಡಿಲಿಗೆ. ಮೊದಲ ಹಲ್ಲನ್ನು ಕಂಡವಳು ಬೀಗಿತ್ತಿ. ಮೊದಲ ಜ್ವರಕ್ಕೆ ನಿದ್ದೆಗೆಟ್ಟವಳೂ ಬೀಗಿತ್ತಿ. ಚೆಕಿಂಗ್ ಅಕ್ಕನ ಪಾಲಿಗೆ ಫೋನಿಗೆ ಬರುವ ಮಸುಕು ವಿಡಿಯೊಗಳು, ಮಗುವಿನ ಮೂಗು ಯಾವುದು ಬಾಯಿ ಯಾವುದು ತಿಳಿಯದಂಥವು. ಮಗಳನ್ನು ಹೆತ್ತವಳು ನಾನು, ಮೊಮ್ಮಗಳನ್ನು ಎತ್ತಿ ಆಡಿಸುವವಳು ಅವಳು ಎಂದು ಹೊಟ್ಟೆ ಉರಿಯುತ್ತಿತ್ತು.

ಅಳಿಯ ಒಂದು ದಾರಿ ಹೇಳಿದ. ಎರಡೂ ಮನೆಯ ಕಂಪ್ಯೂಟರಿಗೆ ಫೈಲ್ ಹಂಚುವ ಒಂದೇ ಸಾಫ್ಟ್‌ವೇರ್ ಹಾಕಿಕೊಂಡರೆ, ಅಲ್ಲಿ ಫೋಲ್ಡರಿಗೆ ಹಾಕಿದ ವಿಡಿಯೊ ಇಲ್ಲಿಯೂ ಅಷ್ಟೇ ಸ್ಪಷ್ಟವಾಗಿ ಬರುತ್ತದಂತೆ.

"ನಮ್ಮಮ್ಮ ಯಾವ್ದೋ ಒಂದು ಹೇಳ್ತಿದ್ರು, ಅದನ್ನೇ ಹಾಕೋಣ್ವಾ?" ಎಂದ.

"ಬೇಡ. ನಾನೇ ಆರಿಸ್ತೀನಿ."

ಕಂಪ್ಯೂಟರಿನಲ್ಲೂ ಆ ಹೆಂಗಸಿನ ಮಾತೇ ನಡೆಯಬೇಕೇ ಎಂಬುದು ಅವಳ ಸಂಕಟ.

ರಜೆಯ ದಿನ, ಮಗಳು ಓದುವಾಗ ಕೊಂಡಿದ್ದ ಕಂಪ್ಯೂಟರಿನ ಮುಂದೆ ಕನ್ನಡಕ ಏರಿಸಿ ಕೂತಳು. ಮೊದಲನೆಯದರ ಪುಟದ ತುಂಬ ಡೌನ್‌ಲೋಡ್ ಎಂಬ ಹಸಿರು ಗುಂಡಿಗಳು, ಯಾವುದನ್ನು ಒತ್ತಿದರೂ ಜಾಹೀರಾತು. ರಿಜೆಕ್ಟ್. ಇನ್ನೊಂದನ್ನು ಹಾಕಿಕೊಳ್ಳಲು ಹೋದರೆ ಸಣ್ಣ ಅಕ್ಷರಗಳ ಪಕ್ಕದ ಚೌಕಗಳಲ್ಲಿ ಮೊದಲೇ ಟಿಕ್ ಬಿದ್ದಿತ್ತು. ಅದರ ಜೊತೆಗೆ ಬೇರೆ ಪ್ರೋಗ್ರಾಂಗಳೂ ಕರೆಯದ ನೆಂಟರಂತೆ ಒಳಗೆ ಬರುತ್ತಿದ್ದವು. ರಿಜೆಕ್ಟ್. ಮತ್ತೊಂದು ಇಡೀ ಕಂಪ್ಯೂಟರನ್ನೇ ಗುರುತಿಲ್ಲದವರಿಗೆ ತೆರೆದಿಡುತ್ತೇನೆ ಎಂದಿತು.

"ಬಾಗ್ಲು ತೆಗೆದಿಟ್ಟು ಮಲಗು ಅಂತಾನಲ್ರೀ ಇವ್ನು," ಎಂದಳು.

ಬಸ್ ಓಡಿಸುವ ಗಂಡ ದಿಂಬಿಗೆ ಒರಗಿದ್ದ. "ಮದುವೆಗೆ ಮುಂಚೆ ನನ್ನನ್ನೂ ಹೀಗೇ ಚೆಕ್ ಮಾಡಿದ್ಯಾ?"

"ಮಾಡಿದ್ರೆ ನೀವು ಇಲ್ಲಿರ್ತಿದ್ರಾ?"

ಕೊನೆಗೆ ಒಂದು ಪಾಸಾಯಿತು. ಅದನ್ನು ತಯಾರಿಸಿದವರ ಸ್ವಂತ ಪುಟದಿಂದಲೇ ಇಳಿಸಿಕೊಂಡು, ವೈರಸ್ ಇದೆಯೇ ಎಂದು ಪರೀಕ್ಷಿಸಿಕೊಂಡೇ ತೆರೆದಳು. ಜಾಹೀರಾತಿಲ್ಲ, ಬಾಲ ಹಿಡಿದು ಬರುವವರಿಲ್ಲ, ಕರೆದವರಿಗಷ್ಟೇ ಒಳಗೆ ಜಾಗ. ಅಳಿಸಿದ ಫೈಲುಗಳನ್ನೂ ಕೆಲವು ದಿನ ಎತ್ತಿಡುತ್ತೇವೆ ಎಂದು ಕೊನೆಯಲ್ಲಿ ಬರೆದಿತ್ತು. ರಿಜೆಕ್ಟ್ ಆದದ್ದನ್ನು ಯಾರಾದರೂ ಎತ್ತಿಡುತ್ತಾರೆಯೇ ಎಂದು ನಕ್ಕಳು.

ವಿಡಿಯೊಗಳು ಬಂದವು. ಮಗುವಿನ ರೆಪ್ಪೆಗೂದಲೂ ಕಾಣುವಷ್ಟು ಸ್ಪಷ್ಟ. ಆದರೆ ಅಷ್ಟೇ ಸ್ಪಷ್ಟವಾಗಿ ಬೀಗಿತ್ತಿಯೂ ಕಂಡಳು. ತುತ್ತು ಕೊಡುವ ಕೈ ಅವಳದು, ಮಗು ಒರಗಿದ ಎದೆ ಅವಳದು, ನಗಿಸುವ ದನಿಯೂ ಅವಳದೇ. ಚೆಕಿಂಗ್ ಅಕ್ಕನಿಗೆ ಮೈಯೆಲ್ಲ ಉರಿಯಿತು, ಉರಿಯುತ್ತಲೇ ತನಗೆ ಗೊತ್ತಿದ್ದ ಕೆಲಸ ಮಾಡಿದಳು. ಬೀಗಿತ್ತಿ ಇಣುಕಿದ ಕೂಡಲೇ ವಿಡಿಯೊ ನಿಲ್ಲಿಸಿ ಅಳಿಸಿದಳು. ಮಗು ಒಂದೇ ಇದ್ದ ಕೆಲವು ಮಾತ್ರ ಪಾಸಾದವು. ನನ್ನ ಮನೆಯ ಕಂಪ್ಯೂಟರು, ನನ್ನಿಷ್ಟ ಎಂದುಕೊಂಡಳು.

ಮಾರನೆಯ ದಿನ ಮಗಳ ಫೋನು.

"ಅಮ್ಮಾ, ಫೋಲ್ಡರ್‌ನಲ್ಲಿ ನಾಲ್ಕೈದು ಬಿಟ್ರೆ ಏನೂ ಇಲ್ಲ. ಉಳಿದಿದ್ದೆಲ್ಲಾ ಹೋಗಿದೆ. ಫೋನ್ ತುಂಬಿತ್ತು ಅಂತ ಅದರಿಂದ ಆಗ್ಲೇ ತೆಗೆದುಬಿಟ್ಟಿದ್ವಿ." ಮಗಳ ದನಿ ಒಡೆಯಿತು. "ಪಾಪು ಮೊದಲನೇ ಸಲ ನಡೆದಿದ್ದೂ ಅದರಲ್ಲೇ ಇತ್ತು. ನಾನು ಡ್ಯೂಟೀಲಿದ್ದೆ, ಇನ್ನೂ ನೋಡೇ ಇರ್ಲಿಲ್ಲ."

ಎರಡು ಮನೆಗೂ ಫೋಲ್ಡರ್ ಒಂದೇ ಎಂದರೆ ಬುಟ್ಟಿಯೂ ಒಂದೇ ಎನ್ನುವುದು ಚೆಕಿಂಗ್ ಅಕ್ಕನಿಗೆ ಆಗ ಹೊಳೆಯಿತು. ಬೀಗಿತ್ತಿಯನ್ನು ಎಸೆಯಲು ಹೋಗಿ, ಸ್ವಂತ ಮಗಳು ಕಾದಿದ್ದ ಹೆಜ್ಜೆಯನ್ನೇ ಎಸೆದಿದ್ದಳು.

ಓದಿ ನಕ್ಕಿದ್ದ ಆ ಕೊನೆಯ ಸಾಲು ನೆನಪಾಯಿತು. ಹುಡುಕಿದರೆ, ಅಳಿಸಿದ್ದೆಲ್ಲ ಒಂದು ಮೂಲೆಯಲ್ಲಿ ಹಾಗೇ ಇತ್ತು. ಒಂದೊಂದಾಗಿ ವಾಪಸ್ ಹಾಕಿದಳು. ಮಗು ನಡೆದದ್ದು ಸಿಕ್ಕಾಗ, ಈ ಸಲ ಕೊನೆಯವರೆಗೂ ನೋಡಿದಳು.

ಫೋನನ್ನು ಗೋಡೆಗೆ ಒರಗಿಸಿಟ್ಟು, ಬೀಗಿತ್ತಿ ಮಗುವಿನ ಕಂಕುಳಿಗೆ ಕೈ ಕೊಟ್ಟು ನಿಲ್ಲಿಸಿದ್ದಳು. "ಅಲ್ನೋಡು ಬಂಗಾರ, ಅದರೊಳಗೆ ನಿನ್ನ ಇನ್ನೊಬ್ಬ ಅಜ್ಜಿ ಕೂತಿದ್ದಾರೆ. ಅವರ ಹತ್ರ ಹೋಗು." ಕೈ ಬಿಟ್ಟಳು. ಮಗು ತೂರಾಡುತ್ತಾ ಬಂದು, ಪರದೆಯ ತುಂಬ ಮುಖವಿಟ್ಟು ಧೊಪ್ಪೆಂದು ಕೂತಿತು.

ಚೆಕಿಂಗ್ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಗಲೇ ವಿಡಿಯೊದ ಕೆಳಗಿನ ಸಣ್ಣ ಸಾಲು ಕಣ್ಣಿಗೆ ಬಿತ್ತು. ಅಳಿಸಿದ್ದು ಯಾವ ಮನೆಯ ಕಂಪ್ಯೂಟರಿನಿಂದ ಎಂದು ಅಲ್ಲಿತ್ತು. ಇಲ್ಲಿ ಕಂಡದ್ದು ಬೀಗಿತ್ತಿಯ ಮನೆಯಲ್ಲೂ ಕಾಣುತ್ತದೆ.

ಸ್ವಲ್ಪ ಹೊತ್ತಿಗೆ ಫೋನ್ ಬಂತು. ಮಗಳಲ್ಲ, ಬೀಗಿತ್ತಿ. ಯಾಕೆ ಅಳಿಸಿದಿರಿ ಎಂದು ಕೇಳಿದರೆ ಹೇಳಲು ಒಂದು ಸುಳ್ಳನ್ನು ಸಿದ್ಧಮಾಡಿಕೊಂಡೇ ಎತ್ತಿದಳು.

"ನೀವು ನೋಡಿ ಆರಿಸಿದ್ದಕ್ಕೆ ಎಲ್ಲಾ ವಾಪಸ್ ಬಂತು ನೋಡಿ. ನಾನು ಹೇಳಿದ್ದನ್ನ ಹಾಕಿದ್ರೆ ಹೋದದ್ದು ಹೋದಂಗೇ," ಎಂದಳು ಬೀಗಿತ್ತಿ. "ನಾಳೆಯಿಂದ ಪಾಪೂನ ಒಂದನ್ನೇ ತೆಗೀತೀನಿ ಬಿಡಿ. ನಾನು ಮಧ್ಯ ಅಡ್ಡ ಬರ್ತೀನಿ, ಸರಿಯಾಗಿ ಕಾಣಲ್ಲ."

ಅವಳ ದನಿಯಲ್ಲಿ ಕೊಂಕೇನಾದರೂ ಇದೆಯೇ ಎಂದು ಚೆಕಿಂಗ್ ಅಕ್ಕ ಮನಸ್ಸಿನಲ್ಲೇ ಆ ಮಾತನ್ನು ಒಳಮಗ್ಗುಲು ತಿರುಗಿಸಿ ನೋಡಿದಳು. ಒಂದು ದಾರವೂ ಬಿಟ್ಟಿರಲಿಲ್ಲ. ಹೊಟ್ಟೆಯುರಿ ನಿನ್ನೆಗಿಂತ ಜಾಸ್ತಿಯಾಯಿತು.

"ಬೇಡ," ಎಂದಳು ಕಡೆಗೆ. "ನೀವೂ ಇರಿ."