ಬೆನ್ನಿಗೆ ಒಲೆ ಕಟ್ಟಿಕೊಂಡ ಬಸ್ಸು

ಮದ್ದೂರಿನ ಬಾಬು ಜಾನನಿಗೆ ಅಸಹ್ಯಗಳು ಬಹಳ. ಲದ್ದಿ ಅಸಹ್ಯ, ಕೆಸರು ಅಸಹ್ಯ, ಎಲೆಅಡಿಕೆ ಉಗುಳಿದ ಗೋಡೆ ಅಸಹ್ಯ, ಬೆವರಿದ ಕೈಯಲ್ಲಿ ಕಾಸು ಚಾಚುವವರು ಅಸಹ್ಯ. ಹೋಟೆಲಿನಲ್ಲಿ ಟೀ ಲೋಟವನ್ನು ತನ್ನ ಕಣ್ಣೆದುರಿಗೆ ಇನ್ನೊಮ್ಮೆ ತೊಳೆಸದೆ ತುಟಿಗೆ ಇಡುತ್ತಿರಲಿಲ್ಲ. ಇಂಥ ಮನುಷ್ಯನ ಹಣೆಯಲ್ಲಿ ದೇವರು ಇದ್ದಿಲು ಬರೆದುಬಿಟ್ಟ. ದೇವರಿಗೂ ಒಮ್ಮೊಮ್ಮೆ ತಮಾಷೆ ಬೇಕಾಗುತ್ತದೆ.

ಬಾಬು ಜಾನ್ ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಬಸ್ಸಿನ ಡ್ರೈವರು. ಆ ಕಾಲದಲ್ಲಿ ಡ್ರೈವರೆಂದರೆ ಸಾಮಾನ್ಯದ ಮಾತಲ್ಲ. ಹೆಂಡತಿ ಆಮಿನಾ ಅವನ ಬಿಳೀ ಕೋಟಿಗೆ ನೀಲಿ ಹಾಕಿ, ಗಂಜಿ ಕುಡಿಸಿ, ಕೆಂಡದ ಇಸ್ತ್ರಿಪೆಟ್ಟಿಗೆಯಿಂದ ತೀಡಿ ಕೊಡುತ್ತಿದ್ದಳು. ಅದನ್ನು ತೊಟ್ಟು, ತಲೆಗೆ ಟೋಪಿ ಇಟ್ಟು ಅವನು ಬಸ್ಸಿನ ಪಕ್ಕದಲ್ಲಿ ನಿಂತರೆ ಹಳ್ಳಿಯ ಪಟೇಲರು ಕೂಡ "ಡ್ರೈವರ್ ಸಾಬ್ರೇ, ಮುಂದ್ಗಡೆ ಒಸಿ ಜಾಗ ಐತಾ?" ಎಂದು ಹಲ್ಲು ಬಿಡುತ್ತಿದ್ದರು. ಸಾಬರು ಯೋಚನೆ ಮಾಡಿ ಹೇಳುತ್ತಿದ್ದರು.

ಅವನ ಅಪ್ಪ ರಹೀಂ ಸಾಬರು ಮದ್ದೂರು ಸ್ಟೇಷನ್ನಿನ ಮುಂದೆ ಜಟಕಾ ಹೂಡಿಯೇ ಬದುಕಿದವರು. ಊರಿಗೆ ಬಸ್ಸು ಬಂದಾಗ ಮೂಗಿಗೆ ಟವೆಲ್ಲು ಹಿಡಿದು, "ಥೂ, ಏನ್ ನಾತ! ಉಸಿರಿಲ್ದ ಗಾಡಿ ಹತ್ತಿದ್ರೆ ನಮ್ಗೂ ಉಸಿರಿರಾಕಿಲ್ಲ" ಎಂದು ಉಗಿದಿದ್ದರು. ಬಸ್ಸು ಹತ್ತುವುದಿಲ್ಲ ಎಂದು ಆಣೆಯಿಟ್ಟವರು, ಮಳವಳ್ಳಿಗೆ ಕೊಟ್ಟ ಮಗಳು ಬಿಬಿ ಜಾನಳ ಮನೆಗೆ ಹೋಗುವಾಗಲೂ ತಮ್ಮ ಜಟಕಾವನ್ನೇ ಹೊಡೆದುಕೊಂಡು ಹೋದರು. ಮಗನಿಗೆ ಇದೆಲ್ಲ ನಗೆಪಾಟಲು. ಜಟಕಾ ಬಿಟ್ಟು ಡ್ರೈವಿಂಗು ಕಲಿಯಲು ಹೊರಟ ದಿನ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಜಟಕಾ ಸ್ಟ್ಯಾಂಡಿನಲ್ಲಿ, ಎಲ್ಲರ ಮುಂದೆ, ಬಾಬು ಜಾನ್ ಹೇಳಿಬಿಟ್ಟ:

"ದಿನ ಬೆಳಗಾದ್ರೆ ಕುದ್ರೆ ಬಾಲ ನೋಡ್ಕಂಡು ಕೂರಾಕೆ ನನ್ ಕೈಲಾಗಾಕಿಲ್ಲ ಅಬ್ಬಾ. ಲದ್ದಿ ಬಾಚೋ ನಿನ್ ಕೈಯಿಂದ ಒಂದು ತುತ್ತು ತಿನ್ನಾಕೂ ಅಸಹ್ಯ ಆಯ್ತದೆ ನಂಗೆ."

ರಹೀಂ ಸಾಬರು ತಮ್ಮ ಕೈಗಳನ್ನು ಒಮ್ಮೆ ನೋಡಿಕೊಂಡರು. ಹಬ್ಬದ ದಿನ ತಮ್ಮ ತಟ್ಟೆಯ ಮೊದಲ ತುತ್ತನ್ನು ಮಗನ ಬಾಯಿಗಿಡುವುದು ಅವರ ರೂಢಿ, ಮಗ ಮೀಸೆ ಬಂದವನಾದರೂ ಬಿಟ್ಟಿರಲಿಲ್ಲ. ಆ ವರ್ಷದಿಂದ ಬಿಟ್ಟರು. ಬಾಬು ಜಾನನಿಗೆ ಅದು ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ಒಳ್ಳೆಯದೇ ಆಯಿತು ಅಂದುಕೊಂಡನೋ, ನಾನರಿಯೆ. ಅಂತೂ ಅವನು ಬಿಳೀ ಕೋಟು ತೊಟ್ಟು ದೊಡ್ಡ ಮನುಷ್ಯನಾದ.

ಅಷ್ಟರಲ್ಲಿ ಯುದ್ಧ ಬಂತು. ಎಲ್ಲೋ ಸಮುದ್ರದಾಚೆ ಗುಂಡು ಹಾರಿದರೆ ಮದ್ದೂರಿನಲ್ಲಿ ಪೆಟ್ರೋಲು ಮಾಯವಾಯಿತು. ಕೂಪನ್ನಿಗೆ ಸಿಗುವ ಪೆಟ್ರೋಲು ಬಸ್ಸಿನ ಗಂಟಲನ್ನೂ ಒದ್ದೆ ಮಾಡುತ್ತಿರಲಿಲ್ಲ. ಬಸ್ಸಿನ ಯಜಮಾನ ಶಿವಣ್ಣ ಬೆಂಗಳೂರಿಗೆ ಹೋಗಿ ಬಂದ. ಬರುವಾಗ ಬಸ್ಸಿನ ಹಿಂಬದಿಗೆ ಆಳೆತ್ತರದ ಒಂದು ಕಬ್ಬಿಣದ ಡಬ್ಬ ಕಟ್ಟಿಸಿಕೊಂಡು ಬಂದ. ಅದರ ಹೊಟ್ಟೆಗೆ ಇದ್ದಿಲು ತುಂಬಿ, ಕೆಳಗೆ ಬೆಂಕಿ ಹಚ್ಚಿ, ಗಾಳಿಚಕ್ರವನ್ನು ಕೈಯಿಂದ ತಿರುಗಿಸಬೇಕು. ಬೆಂಕಿ ಹದಕ್ಕೆ ಬಂದರೆ ಹೊಗೆಯಂಥ ಗ್ಯಾಸು ಹುಟ್ಟಿ, ಕೊಳವೆಯಲ್ಲಿ ಇಂಜಿನ್ನಿಗೆ ಹೋಗಿ ಬಸ್ಸು ಓಡುತ್ತದೆ. ಓಡುತ್ತದೆ ಎಂದರೆ, ಕೆಮ್ಮುತ್ತ ಕ್ಯಾಕರಿಸುತ್ತ ಹೋಗುತ್ತದೆ.

ಬಾಬು ಜಾನ್ ಮೂಗು ಮುಚ್ಚಿಕೊಂಡು ಅದನ್ನು ಒಂದು ಸುತ್ತು ಹಾಕಿದ.

"ಇದು ಬಸ್ಸಾ ಸಾವ್ಕಾರ್ರೇ? ಬಚ್ಚಲ ಮನೆ ನೀರೊಲೆ ಕಣ್ರೀ ಇದು."

"ನೀರೊಲೆನೋ ಪಾಯಸದ ಒಲೆನೋ, ಇದಿದ್ರೆ ನಿಂಗೂ ಅನ್ನ, ನಂಗೂ ಅನ್ನ," ಅಂದ ಶಿವಣ್ಣ.

"ಸ್ಟೇರಿಂಗು ಹಿಡೀತೀನಿ. ಇಜ್ಜಲು ಮುಟ್ಟಾಕಿಲ್ಲ."

ಇದ್ದಿಲು ಮುಟ್ಟಲು ಕ್ಲೀನರ್ ಸಿದ್ದರಾಮು ಇದ್ದ. ಮೂವತ್ತು ದಾಟಿದ ಗಟ್ಟಿ ಆಳು, ಅವನಿಗೆ ಕಪ್ಪು ಬಿಳುಪಿನ ಚಿಂತೆಯಿಲ್ಲ. ಒಲೆ ಹಚ್ಚುವುದು, ಬೂದಿ ಬಾಚುವುದು, ಕೊಳವೆಯೊಳಗೆ ಕಟ್ಟಿಕೊಂಡ ಜಿಗುಟು ಮಸಿಯನ್ನು ಕೆರೆದು ತೆಗೆಯುವುದು, ಎಲ್ಲ ಅವನದೇ. ಅವನು ಕೆರೆಯುತ್ತಿದ್ದರೆ ಬಾಬು ಜಾನ್ ದೂರ ಹೋಗಿ ನಿಲ್ಲುತ್ತಿದ್ದ. ಆ ಮಸಿಯ ವಾಸನೆ ಕೊಳೆತ ಮೊಟ್ಟೆಯೂ ಅಲ್ಲ, ಸುಟ್ಟ ಕೂದಲೂ ಅಲ್ಲ, ಎರಡನ್ನೂ ಒಟ್ಟಿಗೆ ಬೇಯಿಸಿದ ಹಾಗೆ. ಪ್ರಯಾಣಿಕರು ಮಳವಳ್ಳಿಯಲ್ಲಿ ಇಳಿದು ಕ್ಯಾಕರಿಸಿದರೆ ಕರೀ ಕಫ ಬೀಳುತ್ತಿತ್ತು. ಬಿಳೀ ಪಂಚೆಯ ಮದುವೆ ಗಂಡು ಒಬ್ಬ ಇಳಿಯುವಾಗ ಒಲೆಯಿಂದ ಎದ್ದ ಬೆಕ್ಕಿನಂತಿದ್ದ. ಇನ್ನು ಸಂತೆಯ ಹೊಂಬಾಳಮ್ಮ ಎಂಬ ಹೆಂಗಸು, ಹೇಸಿಗೆ ಎಂಬುದೇ ಗೊತ್ತಿಲ್ಲದವಳು, ಡಬ್ಬದ ಕೆಳಗಿನ ಬಿಸಿ ಬೂದಿಯಲ್ಲಿ ಗೆಣಸು ಹೂತಿಟ್ಟು ಬಸ್ಸು ಹತ್ತುತ್ತಿದ್ದಳು.

"ಏನಮ್ಮಾ ಇದು, ಬಸ್ಸಾ ನಿಮ್ಮನೆ ಅಡಿಗೆ ಕ್ವಾಣೆಯಾ?" ಎಂದು ಬಾಬು ಜಾನ್ ಹಾರಾಡಿದ.

"ಬೆಂಕಿ ಸುಮ್ಕೆ ಯಾಕ್ ಹಾಳಾಗ್ಬೇಕು ಸಾಬಣ್ಣ? ಬಸ್ಸು ಮಳವಳ್ಳಿ ಸೇರ್ತದೋ ಇಲ್ವೋ, ಗೆಣಸಂತೂ ಬೇಯ್ತದೆ," ಅಂದಳು ಹೊಂಬಾಳಮ್ಮ. ಬಸ್ಸೆಲ್ಲ ನಕ್ಕಿತು.

ಇಷ್ಟನ್ನೂ ಅವನು ಸಹಿಸಿಯಾನು. ಸಹಿಸಲಾಗದ್ದು ಜಟಕಾ ಸ್ಟ್ಯಾಂಡು. ಬಸ್ಸು ಅಲ್ಲಿ ಕೆಮ್ಮುತ್ತ ಹಾದರೆ ಜಟಕಾದವರು ಎದ್ದು ನಿಂತು, "ಬಾಬು, ನಿನ್ ಕುದ್ರೆಗೆ ನೆಗಡಿನಾ?" ಎನ್ನುತ್ತಿದ್ದರು. ರಹೀಂ ಸಾಬರು ಅವರ ನಡುವೆ ಕೂತು ಕುದುರೆಯ ಬೆನ್ನು ತಿಕ್ಕುತ್ತಿದ್ದರು. ಅವರು ನಗುತ್ತಿರಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಬಸ್ಸಿನಲ್ಲಿ ಒಂದು ಸಣ್ಣ ಟಿನ್ನು ಪೆಟ್ರೋಲು ಇಟ್ಟಿರುತ್ತಿತ್ತು. ಮಳವಳ್ಳಿಗೆ ಮುಂಚೆ ಒಂದು ಏರು ಇದೆ, ಅದನ್ನು ಹತ್ತಲು ಇದ್ದಿಲಿನ ಗ್ಯಾಸಿಗೆ ಕಸುವು ಸಾಲದು. ಅಲ್ಲಿಗೆ ಮಾತ್ರ ಪೆಟ್ರೋಲು ಎಂಬುದು ಶಿವಣ್ಣನ ಕಟ್ಟಪ್ಪಣೆ. ಬಾಬು ಜಾನ್ ಏನು ಮಾಡಿದ? ಜಟಕಾ ಸ್ಟ್ಯಾಂಡು ಹತ್ತಿರ ಬಂದೊಡನೆ ಪೆಟ್ರೋಲಿಗೆ ತಿರುಗಿಸಿ, ಕೆಮ್ಮಿಲ್ಲದೆ, ಹಾರನ್ನು ಹೊಡೆದುಕೊಂಡು, ಮೊದಲಿನ ದೊರೆಯಂತೆ ಪೇಟೆ ದಾಟತೊಡಗಿದ. ಏರಿನ ಹತ್ತಿರ ಟಿನ್ನು ಒಣಗಿರುತ್ತಿತ್ತು. ಜನ ಇಳಿದು ನೂಕುತ್ತಿದ್ದರು. ಬಸುರಿ ಹೆಂಗಸರು ಬಿಸಿಲಿನಲ್ಲಿ ನಡೆದು ಏರು ಹತ್ತುತ್ತಿದ್ದರು. ನಾಲ್ಕು ಜನ ಜಟಕಾದವರ ಮುಂದೆ ಮೀಸೆ ತಿರುವಲು ಒಂದು ಬಸ್ಸು ಜನಕ್ಕೆ ಬೆವರು ಇಳಿಸಿದ ಈ ಶೋಕಿಗೆ ಏನೆನ್ನಬೇಕು? ಅದಕ್ಕಿಂತ ಹೊಂಬಾಳಮ್ಮನ ಗೆಣಸು ಸಾವಿರ ಪಾಲು ಶುದ್ಧ.

ಒಂದು ದಿನ ಶಿವಣ್ಣನೇ ಬಸ್ಸು ಹತ್ತಿ ಕೂತ. ಅವನು ಹಿಂದಿನ ಬಾಗಿಲಿನಿಂದ ಹತ್ತಿದ್ದನ್ನು ಬಾಬು ಜಾನ್ ನೋಡಲಿಲ್ಲ. ಪೇಟೆಯ ಶೋಕಿ ಎಂದಿನಂತೆ ನಡೆಯಿತು. ಏರಿನಲ್ಲಿ ಬಸ್ಸು ನಿಂತಿತು. ಶಿವಣ್ಣ ಮುಂದೆ ಬಂದು ಟಿನ್ನು ಅಲ್ಲಾಡಿಸಿದ.

"ಪೆಟ್ರೋಲ್ ಏನಾಯ್ತು?"

ಬಾಬು ಜಾನ್ ಕ್ಲೀನರಿನ ಕಡೆ ಕೈ ತೋರಿಸಿದ. "ಸಿದ್ದರಾಮು ಚೆಲ್ಬುಟ್ಟ ಸಾವ್ಕಾರ್ರೇ. ಅವ್ನ್ ಕೈ ಸರೀಗಿಲ್ಲ" ಎಂದುಬಿಟ್ಟ.

ಗಾಳಿಚಕ್ರ ತಿರುಗಿಸುತ್ತಿದ್ದ ಸಿದ್ದರಾಮು ಕೈ ನಿಲ್ಲಿಸಿ, ಲುಂಗಿಗೆ ಒರೆಸಿಕೊಂಡು ಎದುರಿಗೆ ಬಂದ.

"ಮಸಿ ನನ್ ಮೈ ಮ್ಯಾಲೆ, ಸುಳ್ಳು ನಿಮ್ ಬಾಯೊಳ್ಗೆ. ಯಾವ್ದು ಗಲೀಜು ಅಂತ ನೀವೇ ನೋಡ್ಕಳಿ ಸಾಬ್ರೇ," ಎಂದು ಹೇಳಿ, ಏರಿನ ಮೇಲೆ ಮಳವಳ್ಳಿಯ ಕಡೆಗೆ ನಡೆದುಕೊಂಡು ಹೋದ. ಆಮೇಲೆ ಅವನು ಬೆಂಗಳೂರಿನ ಮಿಲಿಟರಿ ಲಾರಿಗೆ ಸೇರಿದನಂತೆ.

ಶಿವಣ್ಣ ದಡ್ಡನಲ್ಲ. ಪೇಟೆಯಲ್ಲಿ ಕೆಮ್ಮದ ಬಸ್ಸು ಏರಿನಲ್ಲಿ ಯಾಕೆ ನಿಂತಿತೆಂದು ಅವನಿಗೆ ತಿಳಿದಿತ್ತು. ಸಂಜೆ ಮದ್ದೂರಿಗೆ ಬಂದ ಮೇಲೆ ಹೇಳಿದ: "ಒಲೆಗೆ ಬೇರೆ ಆಳಿಲ್ಲ, ಇಟ್ಕಳಾಕೂ ನಂಗೆ ಸಕ್ತಿ ಇಲ್ಲ. ಬೆಳಿಗ್ಗೆ ಒಲೆ ಹಚ್ಚಿ ಬಸ್ಸು ಓಡಿಸ್ತೀಯಾ, ಓಡ್ಸು. ಇಲ್ಲ, ಕೀಲಿ ಕೊಡು. ಮಳವಳ್ಳಿ ಚಿಕ್ಕಮಾದು ಎರಡೂ ಮಾಡ್ತೀನಿ ಅಂತ ಕಾದವ್ನೆ."

ಬಾಬು ಜಾನ್ ಮನೆಗೆ ಬಂದು ಹಾರಾಡಿದ. ಕೀಲಿ ಬಿಸಾಕುತ್ತೇನೆ, ಉಪವಾಸ ಬೀಳುತ್ತೇನೆ, ಆ ಮಸಿಗೆ ಕೈ ಹಾಕುವುದಿಲ್ಲ. ಆಮಿನಾ ಮಕ್ಕಳ ಮುಖ ನೋಡಿದಳು. ರಹೀಂ ಸಾಬರು ಜಗಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. ಅವರ ಕುದುರೆ ಆ ಬೇಸಿಗೆಯಲ್ಲೇ ಹೊಟ್ಟೆಶೂಲೆ ಬಂದು ಸತ್ತಿತ್ತು. ಹುರುಳಿಯ ಬೆಲೆಯಲ್ಲಿ ಇನ್ನೊಂದು ಕುದುರೆ ಸಾಕುವ ಮಾತೇ ಇರಲಿಲ್ಲ. ಖಾಲಿ ಜಟಕಾ ಬೇವಿನ ಮರದ ಕೆಳಗೆ ಮೂಕಿಯನ್ನು ನೆಲಕ್ಕೆ ಊರಿ ನಿಂತಿತ್ತು.

ಬೆಳಿಗ್ಗೆ ಕೀಲಿ ಎಸೆಯಲೆಂದೇ ಬಾಬು ಜಾನ್ ಬಸ್ಸಿನ ಹತ್ತಿರ ಹೋದ. ಡಬ್ಬದಿಂದ ಹೊಗೆ ಏಳುತ್ತಿತ್ತು. ಗಾಳಿಚಕ್ರ ಗರಗರ ತಿರುಗುತ್ತಿತ್ತು. ತಿರುಗಿಸುತ್ತಿದ್ದವರು ರಹೀಂ ಸಾಬರು.

"ಅಬ್ಬಾ! ನೀನು..."

"ಸಾವ್ಕಾರ್ರನ್ನ ಕೇಳ್ದೆ. ಕೂಲಿ ಬ್ಯಾಡ ಅಂದೆ," ಅಂದರು ಮುದುಕರು, ತಲೆಯೆತ್ತದೆ. "ನೀನು ಓಗಿ ಮುಂದ್ಗಡೆ ಕೂತ್ಕೊ. ನನ್ ಕೈಗೇನು, ಮೊದ್ಲಿಂದ್ಲೂ ಗಲೀಜೇ ಅಲ್ವಾ."

ನಾಚಿಕೆ ಇರುವವನಾಗಿದ್ದರೆ ಅಲ್ಲೇ ಕೋಟು ಬಿಚ್ಚುತ್ತಿದ್ದ. ಬಾಬು ಜಾನ್ ಹೋಗಿ ಮುಂದೆ ಕೂತ. ಹೇಳಲು ನನಗೇ ಹೇಸಿಗೆ, ಆದರೆ ಕೂತದ್ದು ನಿಜ. ಬಸ್ಸು ಹತ್ತುವುದಿಲ್ಲವೆಂದು ಆಣೆಯಿಟ್ಟ ಮುದುಕ ಹಿಂದೆ ಮೆಟ್ಟಿಲ ಮೇಲೆ ನಿಂತು ಹೊಗೆ ಕುಡಿಯುತ್ತ ಹೋದ. ಮಗ ಗಂಜಿಯ ಕೋಟು ತೊಟ್ಟು ಸ್ಟೇರಿಂಗು ತಿರುಗಿಸಿದ. ಹೀಗೆ ಒಂದು ದಿನವಲ್ಲ, ಆ ಬೇಸಿಗೆ ಮುಗಿಯುವ ತನಕ ನಡೆಯಿತು. ಜಟಕಾ ಸ್ಟ್ಯಾಂಡಿನವರು ನೆಗಡಿಯ ಮಾತು ಬಿಟ್ಟರು. ಬಸ್ಸು ಹಾದರೆ ರಹೀಂ ಸಾಬರಿಗೆ ಸಲಾಂ ಮಾಡಿ, ಬಾಬು ಜಾನನ ಕಡೆ ಬೆನ್ನು ತಿರುಗಿಸುತ್ತಿದ್ದರು. ಪಟೇಲರೂ ಈಗ ಮುಂದಿನ ಸೀಟು ಕೇಳುತ್ತಿರಲಿಲ್ಲ. ಮುದುಕರಿಗೆ ಕೆಮ್ಮು ಹತ್ತಿತು. ರಾತ್ರಿ ಮಗ ಹೊಟ್ಟೆ ತುಂಬ ಉಂಡು ಮಲಗಿದರೆ ಜಗಲಿಯ ಕಡೆಯಿಂದ ಆ ಕೆಮ್ಮು ಕೇಳುತ್ತಿತ್ತು. ಬಸ್ಸಿನದೇ ಕೆಮ್ಮು.

ಕೊನೆಗೆ ಮುಂದಾದವಳು ಆಮಿನಾ. ಒಂದು ದಿನ ಮಾವನ ಮಸಿ ಅಂಗಿಯನ್ನೂ ಗಂಡನ ಬಿಳೀ ಕೋಟನ್ನೂ ಒಂದೇ ತಪ್ಪಲೆಯಲ್ಲಿ ನೆನೆಹಾಕಿ ಒಗೆದಳು. ಕೋಟು ಬೂದಿ ಬಣ್ಣಕ್ಕೆ ತಿರುಗಿತು. ಬಾಬು ಜಾನ್ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಮುಖ ಸಿಂಡರಿಸಿದ.

"ಏನೇ ಇದು? ಕಣ್ಣು ಕಾಣಾಕಿಲ್ವಾ?"

"ಕಾಣ್ತದೆ. ದಿನಾ ಕಾಣ್ತಿತ್ತು," ಅಂದಳು ಆಮಿನಾ. "ಬೆಳ್ಳಗಿರೋ ಕೋಟು ಒಗ್ಯಾಕೆ ಇನ್ಮ್ಯಾಕೆ ನಂಗೆ ಅಸಹ್ಯ ಆಯ್ತದೆ."

ಅಸಹ್ಯ ಎಂಬ ಮಾತು ತನ್ನೊಬ್ಬನ ಸ್ವತ್ತು ಎಂದು ಅವನು ತಿಳಿದಿದ್ದ. ಒದ್ದೆ ಕೋಟನ್ನೇ ತೊಟ್ಟು ಬಸ್ಸಿನ ಹತ್ತಿರ ಹೋದ. ಅಪ್ಪನ ಕೈಯಿಂದ ಚಕ್ರದ ಹಿಡಿ ಬಿಡಿಸಿಕೊಂಡ.

"ಕೈ ಕರ್ರಗಾಯ್ತದೆ ಕಣೋ," ಅಂದರು ರಹೀಂ ಸಾಬರು.

"ಆಗ್ಲಿ ಬುಡು ಅಬ್ಬಾ."

ಅವನಿಗೆ ಇದ್ದಿಲಿನ ಮೇಲೆ ಪ್ರೀತಿ ಹುಟ್ಟಿತೆಂದು ಯಾರೂ ತಿಳಿಯಬೇಡಿ. ಯುದ್ಧ ಮುಗಿದು, ಪೆಟ್ರೋಲು ಸರಾಗವಾಗಿ, ಸ್ವಾತಂತ್ರ್ಯ ಬರುವ ಹೊತ್ತಿಗೆ ಡಬ್ಬ ಬಿಚ್ಚಿಸಿದರು. ಅದನ್ನು ಮೊದಲು ಕಾಲಲ್ಲಿ ಒದ್ದವನು ಬಾಬು ಜಾನನೇ. ಅಲ್ಲಿಯವರೆಗೆ ಪ್ರತಿದಿನ ಬೂದಿ ಬಾಚಿದ, ಪ್ರತಿದಿನ ಸೋಪು ಹಚ್ಚಿ ಕೈ ತಿಕ್ಕಿದ, ಪ್ರತಿದಿನ ಆ ಯಂತ್ರ ಕಂಡುಹಿಡಿದವನ ವಂಶವನ್ನೆಲ್ಲ ಬೈದ. ಆದರೆ ಅಪ್ಪನಿಗೆ ಮತ್ತೆ ಮುಟ್ಟಗೊಡಲಿಲ್ಲ.

ಅವನು ಚಕ್ರ ಹಿಡಿದ ಮೊದಲ ದಿನ ನಡೆದದ್ದು ಹೇಳಬೇಕು. ಏರಿನ ಬುಡದಲ್ಲಿ ಬಸ್ಸು ನಿಂತಿತು. ರಹೀಂ ಸಾಬರನ್ನು ಅಂದು ಅವನು ಮುಂದಿನ ಸೀಟಿನಲ್ಲಿ ಕೂರಿಸಿದ್ದ, ಅವರು ಇಳಿದು ಹಿಂದೆ ಬಂದರು. ಬಾಬು ಜಾನ್ ಎರಡೂ ಕೈಯಲ್ಲಿ ಚಕ್ರ ತಿರುಗಿಸುತ್ತಿದ್ದ. ಮೊಣಕೈವರೆಗೆ ಮಸಿ, ಮೂಗಿನ ತುದಿಯಲ್ಲಿ ಕರೀ ಬೆವರು. ಹೊಂಬಾಳಮ್ಮ ಬಂದು ಬೂದಿಯಿಂದ ಗೆಣಸು ಕೆದಕಿ ತೆಗೆದು, "ತಗಳಿ ಸಾಬ್ರೇ, ಬೆಂದೈತೆ" ಎಂದು ಮುದುಕರ ಕೈಗೆ ಒಂದು ಹಾಕಿದಳು.

ರಹೀಂ ಸಾಬರು ಅದನ್ನು ಊದಿ ಊದಿ ಸಿಪ್ಪೆ ಸುಲಿದರು. ಅವರ ಉಗುರುಗಳಲ್ಲಿ ಒಂದು ಬೇಸಿಗೆಯ ಮಸಿ ಕೂತಿತ್ತು, ಯಾವ ಸೋಪಿಗೂ ಹೋಗದ್ದು. ಮೊದಲ ತುಂಡು ಮುರಿದು, ಹಳೆಯ ರೂಢಿಯಂತೆ, ಮಗನ ಬಾಯಿಯ ಕಡೆ ಕೈ ಚಾಚಿದರು. ಚಾಚಿದವರು ನೆನಪಾಗಿ ಗಕ್ಕನೆ ಹಿಂದಕ್ಕೆ ಎಳೆದುಕೊಂಡು, ಲುಂಗಿಗೆ ಬೆರಳು ಒರೆಸತೊಡಗಿದರು.

ಬಾಬು ಜಾನ್ ಚಕ್ರ ನಿಲ್ಲಿಸದೆ, ಕತ್ತು ಮುಂದೆ ಚಾಚಿ ಬಾಯಿ ತೆರೆದ. ಮುದುಕರು ಬೆರಳು ಒರೆಸುವುದನ್ನು ಬಿಟ್ಟರು. ಆಮೇಲೆ ತುಂಡನ್ನು ಮಗನ ಬಾಯಿಗಿಟ್ಟರು. ಬೂದಿ ಹಲ್ಲಿಗೆ ಸಿಕ್ಕಿ ಕರಕರ ಅಂದಿತು, ಮಸಿಯ ವಾಸನೆ ಮೂಗಿಗೆ ಅಡರಿತು. ಅವನು ಅಗಿದು ನುಂಗಿ, ಇನ್ನೊಂದು ತುತ್ತಿಗೆ ಬಾಯಿ ತೆರೆದ.