ಅನುದಾನದ ಜೊತೆ ಬಂದ ಡಿಸೈನರ್

ಮೊಂಬಾಸಾದ ಮನೆಗೆಲಸದ ಹೆಂಗಸರ ಸಂಘಕ್ಕೆ ಈ ವರ್ಷ ಅನುದಾನದ ಜೊತೆಗೇ ಒಬ್ಬ ಡಿಸೈನರೂ ಬಂದಿದ್ದಾನೆ. ನ್ಯಾಯ ಕೇಳುವುದು ಸಂಘ, ಅದನ್ನು ಊರಿಗೆಲ್ಲ ಕಾಣಿಸುವುದು ಇವನು. ಕೊಟ್ಟವರ ಷರತ್ತೇ ಅದು. ಶೇಬೆ ಅಂತ ಹೆಸರು, ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಗೋಡೆ ಕಂಡರೆ ಅಳೆಯುತ್ತಾನೆ. ಸಂಘದ ಹಿರಿಯಳು ಬೀ ತಿಮಾ ಚಹಾ ಕೊಟ್ಟರೆ ಕುಡಿಯುವುದು ಬಿಟ್ಟು, ಲೋಟ ಮೇಜಿನ ಮೇಲೆ ಮೂಡಿಸಿದ ಒದ್ದೆ ಉಂಗುರದಲ್ಲಿ ಸಂಘದ ಲಾಂಛನ ಹುಡುಕುತ್ತಾನೆ. ಅವಳು ಸೀನಿದರೂ "ಅದ್ಭುತ! ಇನ್ನೊಂದ್ಸಲ!" ಎನ್ನುತ್ತಾನೆ. "ವಾರಕ್ಕೊಂದು ರಜೆ ನಮ್ಮ ಹಕ್ಕು" ಎಂಬ ಆಳೆತ್ತರದ ಪೋಸ್ಟರ್ ಹೊತ್ತು ಓಡೋಡಿ ಬಂದ ದಿನ ಬೀ ತಿಮಾ ಹೊಟ್ಟೆ ಹಿಡಿದು ನಕ್ಕಳು. "ಎಲ್ಲಿ ಅಂಟಿಸ್ಲಪ್ಪಾ ಇದನ್ನ, ಯಜಮಾನಿ ಅಡುಗೆಮನೇಲಾ? ಬಾಯಲ್ಲಿ ಹೇಳಕ್ಕಾಗದ್ದನ್ನ ನಾವು ಕಾಂಗಾ ಬಟ್ಟೆ ಅಂಚಲ್ಲಿ ಅಚ್ಚು ಹಾಕ್ಸಿ ಹೇಳ್ತೀವಿ. ಸೊಂಟಕ್ಕೆ ಸುತ್ಕೊಂಡು, ಬೆನ್ನು ತಿರುಗಿಸಿ ಕಸ ಗುಡಿಸ್ತೀವಿ. ಓದೋರು ಓದ್ಕೋತಾರೆ, ಜಗಳಕ್ಕೆ ಬರೋ ಹಂಗಿಲ್ಲ." ಶೇಬೆ ಕುಣಿದೇಬಿಟ್ಟ. ವಾರದೊಳಗೆ ಇನ್ನೂರು ಕಾಂಗಾ ಅಚ್ಚಾಗಿ ಬಂದವು, ಕೆಂಪು ಅಂಚಿನಲ್ಲಿ ಒಂದೇ ಮಾತು: "ಏಳರಲ್ಲಿ ಒಂದು ದಿನ ನನ್ನದು." ಹೆಂಗಸರು ಉಟ್ಟು, ತಿರುಗಿ, ಒಬ್ಬರ ಬೆನ್ನು ಒಬ್ಬರು ಓದಿ ಕೇಕೆ ಹಾಕಿದರು. ಶೇಬೆಯೊಬ್ಬನೇ ಅದ್ಭುತ ಎನ್ನಲಿಲ್ಲ. ಒಂದು ಕಾಂಗಾ ಮಡಚಿ ಚೀಲಕ್ಕಿಟ್ಟುಕೊಂಡ. "ಯಾರಿಗಪ್ಪಾ?" ಎಂದಳು ಬೀ ತಿಮಾ. "ಕದ್ಜೊಗೆ. ನನ್ನ ಎತ್ತಾಡಿಸಿದೋಳು, ಇನ್ನೂ ನಮ್ಮನೇಲೇ ದುಡೀತಾಳೆ. ನಿನ್ ರಜಾ ಯಾವತ್ತು ಅಂತ ನಾನು ಅವಳನ್ನ ಒಂದಿನಾನೂ ಕೇಳಿಲ್ಲ ಬೀ. ನಾಳೆ ನಮ್ಮ ಮನೆ ಗುಡಿಸೋವಾಗ ಇದನ್ನ ಉಡ್ಲಿ. ಹಿಂದೆ ನಿಂತು ಮೊದಲು ನಾನೇ ಓದ್ತೀನಿ."