ಪಂಚಶೀಲಾ ಮಜೀದಾಳಿಗೆ ಹೊಡೆದದ್ದು

ಯಾದಗಿರಿಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಪಂಚಶೀಲಾ ಬಾಕ್ಸಿಂಗ್ ಆಡಿದಳು ಎಂದರೆ ಅವಳ ತವರೂರು ಕೊಂಕಲ್‌ನಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಐವತ್ತರ ಹತ್ತಿರದ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಗೆ ಕೆಂಪು ಗ್ಲೌಸು ಹಾಕಿ, ತನ್ನ ಜೀವದ ಗೆಳತಿಯ ಮೂಗಿಗೇ ಗುದ್ದಿದ್ದು ಸುಳ್ಳಲ್ಲ. ಅದೂ ಪಣ ಕಟ್ಟಿ.

ಅವಳಿಗೆ ಪಂಚಶೀಲಾ ಎಂದು ಹೆಸರಿಟ್ಟವನು ಅಪ್ಪ ಭೀಮರಾಯ. ಕೂಲಿ ಮಾಡಿ ಉಂಡರೂ ಬುದ್ಧನ ಐದು ಶೀಲಗಳನ್ನು ಮಗಳಿಗೆ ಬಾಯಿಪಾಠ ಮಾಡಿಸಿದವನು. ಕೊಲ್ಲಬಾರದು, ಕದಿಯಬಾರದು, ಸುಳ್ಳು ಹೇಳಬಾರದು ಎಂದು ಅಪ್ಪ ಹೇಳಿದ್ದು ನಿಜ, ಗುದ್ದಬಾರದು ಎಂದು ಮಾತ್ರ ಹೇಳಿರಲಿಲ್ಲ ಎಂಬುದು ಅವಳ ವಾದ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಇವಳಿಗೆ ಮಾತೂ ಬರುತ್ತಿತ್ತು, ಜಗಳವೂ ಬರುತ್ತಿತ್ತು. ಗಂಡ ಅಯ್ಯಪ್ಪ ಗೌಂಡಿ ಕೆಲಸದವನು, ಮನೆಯಲ್ಲಿ ತಾನು ಕಟ್ಟಿದ ಗೋಡೆಯಷ್ಟೇ ಮಾತಾಡುತ್ತಿದ್ದ. ಹಾಗಾಗಿ ಅವಳ ಮಾತೆಲ್ಲ ಹಾಸ್ಟೆಲಿನ ಅಡುಗೆಮನೆಗೆ, ಅಂದರೆ ಮಜೀದಾಳ ಕಿವಿಗೆ, ಮೀಸಲಾಗಿತ್ತು.

ಮಜೀದಾ ಅಲ್ಲಿನ ಇನ್ನೊಬ್ಬ ಅಡುಗೆಯವಳು, ಪಂಚಶೀಲಾಳಿಗಿಂತ ಮೊದಲೇ ಸೇರಿದವಳು. ಪಂಚಶೀಲಾ ಹೊಸದಾಗಿ ಬಂದಾಗ ಕೆಲವು ಹುಡುಗಿಯರು ಇವಳ ಕೇರಿ ಯಾವುದೆಂದು ವಿಚಾರಿಸಿಕೊಂಡು ಬಂದು, ಇವಳ ಕೈಯ ರೊಟ್ಟಿ ತಿನ್ನಲು ಹಿಂದೆಮುಂದೆ ನೋಡಿದ್ದರು. ಮಜೀದಾ ಊಟದ ಹಾಲಿನ ನಟ್ಟನಡುವೆ ಕುಳಿತಳು. ಎಲ್ಲರೂ ನೋಡುತ್ತಿರುವಂತೆಯೇ ಪಂಚಶೀಲಾ ಬಡಿದ ರೊಟ್ಟಿ ಮುರಿದು, ಪುಂಡಿಪಲ್ಲೆ ಹಚ್ಚಿಕೊಂಡು ತಿಂದಳು. "ಉಣ್ಣೋರು ಉಣ್ರಿ, ಒಲ್ಲದೋರು ಉಪಾಸ ಬೀಳ್ರಿ. ಎರಡನೇ ಒಲಿ ಹಚ್ಚಂಗಿಲ್ಲ" ಎಂದಳು. ಹಸಿವು ದೊಡ್ಡದು ನೋಡಿ, ಎಲ್ಲರೂ ಉಂಡರು. ಅಂದಿನಿಂದ ಮಜೀದಾ ಅವಳಿಗೆ ಒಡಹುಟ್ಟಿದವರಿಗಿಂತ ಹೆಚ್ಚಾದಳು.

ಇಬ್ಬರ ಕೆಲಸ ನೋಡುವ ಹಾಗಿತ್ತು. ಪಂಚಶೀಲಾ ಜೋಳದ ರೊಟ್ಟಿ ಬಡಿಯುವವಳು, ಮಜೀದಾ ಎದುರಿಗೆ ಹಂಚಿನ ಮುಂದೆ ಕುಳಿತು ಬೇಯಿಸುವವಳು. ಟಪಟಪ ಸದ್ದು ಮುಗಿಯುವ ಹೊತ್ತಿಗೆ ಸರಿಯಾಗಿ ಮಜೀದಾ ತಲೆ ಎತ್ತದೆಯೇ ಕೈ ಚಾಚುತ್ತಿದ್ದಳು. ರೊಟ್ಟಿ ಇವಳ ಕೈಯಿಂದ ಅವಳ ಕೈಗೆ, ಅಲ್ಲಿಂದ ಹಂಚಿಗೆ. ಬಡಿಯುವ ಕೈ ನಡುವೆಯೇ ನಿಂತರೆ ಮಾತ್ರ ಮಜೀದಾ ಮುಖ ಎತ್ತಿ, "ಯಾಕ ಶೀಲಾ, ಏನಾತು?" ಎನ್ನುವಳು. ಹಿಟ್ಟು ಮುಗಿದಿರಬಹುದು, ಸೊಂಟ ಹಿಡಿದಿರಬಹುದು, ಮನೆಯ ಚಿಂತೆ ಅಡ್ಡ ಬಂದಿರಬಹುದು. ಮಜೀದಾ ಕೇಳದೆ ಬಿಟ್ಟದ್ದೇ ಇಲ್ಲ.

ಇಂಥ ಮಜೀದಾ ಸುರಪುರಕ್ಕೆ ಹೊರಟು ನಿಂತಳು. ಅಲ್ಲಿ ಅವಳ ಒಬ್ಬಳೇ ಮಗಳು ಬಾಣಂತಿ, ಮಗಳ ಅತ್ತೆ ಹಾಸಿಗೆ ಹಿಡಿದಿದ್ದಾಳೆ, ಕೂಸಿಗೆ ಎರೆಯುವವರೂ ಇಲ್ಲ. ಸುರಪುರದ ಹಾಸ್ಟೆಲಿನಲ್ಲಿ ಅಡುಗೆಯವಳ ಜಾಗ ಖಾಲಿಯಾಗಿತ್ತು. ಹೋಗುವುದಾದರೆ ಸೋಮವಾರದೊಳಗೆ ಹೇಳು ಎಂದು ವಾರ್ಡನ್ ಬಾಯಿ ಹೇಳಿದ್ದರು. ಸುದ್ದಿ ಕೇಳಿದ ಪಂಚಶೀಲಾಳಿಗೆ ಹೋಗಬೇಡ ಎನ್ನಲು ಬಾಯಿಲ್ಲ, ಹೋಗು ಎನ್ನಲು ಮನಸ್ಸಿಲ್ಲ. ಮುಖ ಗಂಟು ಹಾಕಿಕೊಂಡು ಪಾತ್ರೆಗಳ ಮೇಲೆ ಸಿಟ್ಟು ತೀರಿಸತೊಡಗಿದಳು. ಮಾತಿನ ಮಲ್ಲಿ ಮಾತು ಬಿಟ್ಟರೆ ಅಡುಗೆಮನೆ ಹೇಗಿರುತ್ತದೆ, ನೀವೇ ಯೋಚಿಸಿ.

ಭಾನುವಾರ ಮುದನಾಳದ ಮೌನೇಶ್ವರಿ ಹುಡುಗಿಯರಿಗೆ ಬಾಕ್ಸಿಂಗ್ ಕಲಿಸಲು ಬರುತ್ತಿದ್ದಳು. ಕ್ರೀಡಾ ಶಾಲೆಯಲ್ಲಿ ಕಲಿತ ಚುರುಕು ಹೆಣ್ಣು. ಆ ಮಧ್ಯಾಹ್ನ ಅಂಗಳದಲ್ಲಿ ಪಾಠ ನಡೆದಿತ್ತು, ನಳದ ಕಟ್ಟೆಯಲ್ಲಿ ಪಂಚಶೀಲಾ ಬೋಗುಣಿ ಕುಕ್ಕುತ್ತಿದ್ದಳು.

"ಪಾತ್ರಿಗೆ ಯಾಕ ಬಡೀತಿ? ಸಿಟ್ಟು ನನ್ನ ಮ್ಯಾಲ ಐತಿ, ನನಗ ಬಡಿ. ಕೈಚೀಲ ಇಲ್ಲೇ ಅದಾವು" ಎಂದು ಮಜೀದಾ ನಗುತ್ತ ಗ್ಲೌಸಿನ ಕಡೆ ತೋರಿಸಿದಳು.

ಪಂಚಶೀಲಾ ಕೈ ಒರೆಸಿಕೊಂಡು ಎದ್ದಳು. "ಬಡೀತೀನಿ. ನಾ ಗೆದ್ರ ನೀ ಸುರಪುರಕ್ಕ ಹೋಗಂಗಿಲ್ಲ."

"ನಾ ಗೆದ್ರ?"

"ನಕ್ಕೋತ ಕಳಸ್ತೀನಿ."

ಮಜೀದಾ ಅವಳ ಕೈ ಮೇಲೆ ಕೈ ಹಾಕಿದಳು. "ಜಬಾನ್ ಅಂದ್ರ ಜಬಾನ್. ಕೊಟ್ಟ ಮಾತಿಂದ ಆಮ್ಯಾಲ ಹಿಂದ ಸರಿಬಾರದು."

ಹುಡುಗಿಯರಿಗೆ ಹಬ್ಬವಾಯಿತು. ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ಸುತ್ತ ಹಿಡಿದು ನಿಂತರು. ಗಂಟೆಯ ಬದಲು ಊಟದ ತಾಟು, ಬಡಿಯಲು ಸೌಟು. ಮೂರು ಸುತ್ತು ಎಂದು ಮೌನೇಶ್ವರಿ ನೇಮ ಹೇಳಿದಳು.

ಮೊದಲ ಸುತ್ತಿನಲ್ಲಿ ಪಂಚಶೀಲಾಳ ಕೈ ಅಂಗೈ ಬಿಚ್ಚಿಕೊಂಡೇ ಹೋಗುತ್ತಿತ್ತು. ಒಂದು ಬಡಿತ, ಮತ್ತೊಂದು ಬಡಿತ, ನಡುವೆ ಮೈಯೆಲ್ಲ ಸ್ವಲ್ಪ ಬಲಕ್ಕೆ ತಿರುಗುವುದು.

"ಮುಷ್ಟಿ ಹಿಡೀರಿ ಅಕ್ಕೋರ. ರೊಟ್ಟಿ ಬಡಿಯಾಕತ್ತೀರೇನು?" ಎಂದಳು ಮೌನೇಶ್ವರಿ.

ಮುಷ್ಟಿ ಹಿಡಿದರೂ ಅಷ್ಟೇ. ಇಷ್ಟು ವರ್ಷ ಇವಳ ಕೈ ಯಾವಾಗ ಏಳುತ್ತದೆ, ಯಾವಾಗ ಇಳಿಯುತ್ತದೆ ಎಂದು ಕಿವಿಯಿಂದಲೇ ತಿಳಿದವಳು ಮಜೀದಾ. ಗುದ್ದು ಬರುವ ಮೊದಲೇ ಪಕ್ಕಕ್ಕೆ ಸರಿದಿರುತ್ತಿದ್ದಳು. ಅವಳು ಕೈ ಚಾಚುವ ಹೊತ್ತು ಪಂಚಶೀಲಾಳಿಗೂ ಗೊತ್ತು, ಇವಳೂ ತಪ್ಪಿಸಿಕೊಳ್ಳುತ್ತಿದ್ದಳು. ಎರಡನೆಯ ಸುತ್ತೂ ಹಾಗೇ ಮುಗಿಯಿತು. ಇಬ್ಬರೂ ಬೆವರಿನಲ್ಲಿ ತೊಯ್ದರೂ ಒಬ್ಬರ ಮೈಗೂ ಒಂದು ಏಟು ಬಿದ್ದಿರಲಿಲ್ಲ. ಹುಡುಗಿಯರು ಹೊಟ್ಟೆ ಹಿಡಿದು ನಗುತ್ತಿದ್ದರು. ಪಂಚಶೀಲಾಳಿಗೆ ಮಾತ್ರ ನಗು ಬರಲಿಲ್ಲ. ಇನ್ನೊಂದು ಸುತ್ತು ಹೀಗೇ ಹೋದರೆ ಮಜೀದಾ ಬಸ್ ಹತ್ತುತ್ತಾಳೆ ಎಂಬುದೊಂದೇ ಅವಳ ತಲೆಯಲ್ಲಿತ್ತು.

ಮೂರನೆಯ ಸುತ್ತಿನಲ್ಲಿ ಅವಳು ಕೈ ಎತ್ತಿದಳು. ಎತ್ತಿದ ಕೈಯನ್ನು ಇಳಿಸಲಿಲ್ಲ, ಅರ್ಧಕ್ಕೇ ನಿಲ್ಲಿಸಿಬಿಟ್ಟಳು.

ಮಜೀದಾ ಮುಖ ಎತ್ತಿದಳು. ತುಟಿಯ ಮೇಲೆ "ಯಾಕ ಶೀಲಾ" ಎಂಬುದು ಬಂದೇ ಬಿಟ್ಟಿತ್ತು.

ಪಂಚಶೀಲಾ ಗುದ್ದಿದಳು.

ಮಜೀದಾ ದೊಪ್ಪನೆ ನೆಲಕ್ಕೆ ಕುಳಿತಳು. ತಾಟು ಬಡಿಯಿತು, ಹುಡುಗಿಯರು ಕುಣಿದರು, ಮೌನೇಶ್ವರಿ ಪಂಚಶೀಲಾಳ ಕೈ ಹಿಡಿದು ಮೇಲೆತ್ತಿದಳು. ಮಜೀದಾಳ ಮೂಗಿನಿಂದ ಸಣ್ಣಗೆ ರಕ್ತ ಬರುತ್ತಿತ್ತು. ಅದನ್ನು ಸೆರಗಿನಿಂದ ಒತ್ತಿಕೊಂಡು ನಕ್ಕು, "ಭಲೇ ಹೊಡದಿ ನೋಡು. ಆತು, ಹೋಗಂಗಿಲ್ಲ" ಎಂದಳು. ಒಂದು ಮಾತು ಕೊಂಕಿಲ್ಲ, ಒಂದು ನಿಟ್ಟುಸಿರಿಲ್ಲ. ಗೆದ್ದವಳು ಮಾತ್ರ, ಏನಾಯಿತು ಎಂದು ಕೇಳಲು ಮುಖ ಎತ್ತಿದವಳಿಗೆ ಹೊಡೆದೆನಲ್ಲ, ಇದೆಂಥ ಗೆಲುವು ಎಂದು ತನಗೆ ತಾನೇ ಬೈದುಕೊಂಡಳು.

ಮೂಗಿಗೆ ಒತ್ತಲು ತಣ್ಣೀರಿನ ಅರಿವೆ ಹಿಡಿದು ಹಿತ್ತಲಿಗೆ ಹೋದರೆ, ಮಜೀದಾ ಮೆಟ್ಟಿಲ ಮೇಲೆ ಕುಳಿತು ಫೋನಿನಲ್ಲಿ ಮಗಳ ಜೊತೆ ಮಾತಾಡುತ್ತಿದ್ದಳು. ಅವರ ಮನೆಮಾತು ದಖನಿ ಪಂಚಶೀಲಾಳಿಗೆ ಚೆನ್ನಾಗಿಯೇ ತಿಳಿಯುತ್ತಿತ್ತು. ಆ ಜಾಗ ಬೇರೆ ಯಾರಿಗೋ ಹೋಯಿತಂತೆ ಬೇಟಿ, ನನ್ನ ನಸೀಬು ಎನ್ನುತ್ತಿದ್ದಳು ಮಜೀದಾ. ಆ ಕಡೆಯಿಂದ ಕೂಸು ಅಳುವುದು ಕೇಳುತ್ತಿತ್ತು. ಮಗಳೂ ಅಳುತ್ತಿದ್ದಳೋ ಏನೋ, ಮಜೀದಾ ಸಮಾಧಾನದ ಮಾತು ಹೇಳುತ್ತಲೇ ಇದ್ದಳು. ಪಣದ ಮಾತು ಎತ್ತಲಿಲ್ಲ, ಪಂಚಶೀಲಾಳ ಹೆಸರು ತೆಗೆಯಲೂ ಇಲ್ಲ.

ಪಂಚಶೀಲಾ ಹೋಗಿ ಫೋನು ಕಸಿದುಕೊಂಡಳು.

"ನಿಮ್ಮವ್ವ ಸುಳ್ಳು ಹೇಳಾಕತ್ಯಾಳ. ಜಾಗ ಎಲ್ಲಿಗೂ ಹೋಗಿಲ್ಲ. ಈ ವಾರದಾಗ ಬರ್ತಾಳ, ನೀ ಕೂಸಿಗೆ ಹಾಲು ಕುಡಸು."

"ಪಣ ಕಟ್ಟೀವಲ್ಲ, ಮಾತು ಅಂದ್ರ ಮಾತು" ಎಂದಳು ಮಜೀದಾ.

"ಗೆದ್ದಾಕಿ ನಾನು. ಗೆದ್ದಾಕಿ ಹೇಳಿದಂಗ ಸೋತಾಕಿ ಕೇಳಬೇಕು. ಹೋಗು ಅಂದೆ, ಹೋಗು."

"ಕಳಸೋದಿತ್ತಂದ್ರ ಮೂಗು ಯಾಕ ಒಡದಿ?"

ಪಂಚಶೀಲಾ ಅರಿವೆಯನ್ನು ಅವಳ ಮೂಗಿಗೆ ಒತ್ತಿ ಹಿಡಿದಳು. "ನಾ ಸೋತಿದ್ರ ನೀ ಬಿಟ್ಟು ಹೋದಿ ಅಂತಿದ್ದೆ. ಈಗ ನಾನೇ ಕಳಿಸ್ದೆ ಅಂತ ಹೇಳ್ಕೋತ ಇರ್ತೀನಿ. ನೀ ಇಲ್ಲಂದ್ರ ನನಗ ಭಾಳ ತ್ರಾಸ ಆಗ್ತದ, ಮಜೀದಾ."

ಮಜೀದಾ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡಿದಳು. ಇಬ್ಬರೂ ಅದೇ ಮೆಟ್ಟಿಲ ಮೇಲೆ ರಾತ್ರಿಯ ಅಡುಗೆಯ ಹೊತ್ತಿನವರೆಗೆ ಕುಳಿತಿದ್ದರು.

ಆ ವಾರವೇ ಪಂಚಶೀಲಾ ರಜೆ ಹಾಕಿ, ಮಜೀದಾಳ ಗಂಟುಮೂಟೆಯ ಜೊತೆ ತಾನೂ ಸುರಪುರಕ್ಕೆ ಹೋದಳು. ಕೂಸನ್ನು ಎತ್ತಿ ಆಡಿಸಿದಳು, ಮಗಳಿಗೆ ಒಂದಿಷ್ಟು ಬುದ್ಧಿ ಹೇಳಿದಳು, ಎಲ್ಲರನ್ನೂ ನಗಿಸಿದಳು. ಬಸ್‌ಸ್ಟ್ಯಾಂಡಿನಲ್ಲೂ ನಗುತ್ತಲೇ ಕೈ ಬೀಸಿದಳು. ಬಸ್ಸು ಊರು ದಾಟಿದ ಮೇಲೆ ಅಳು ಬಂತು ನೋಡಿ, ಅಣೆಕಟ್ಟಿನ ಗೇಟು ತೆಗೆದಂತೆ.

ಕಂಡಕ್ಟರ್ ಬಂದು ಗಾಬರಿಯಾದ. "ಯಾಕ್ರಿ ಅಕ್ಕೋರ, ಯಾರರೆ ತೀರಿಕೊಂಡ್ರೇನ್ರಿ?"

"ಯಾರೂ ತೀರಿಲ್ಲಪ. ಗೆಳತಿನ್ನ ಬಿಟ್ಟು ಬಂದೀನಿ, ಅದಕ್ಕ ಅಳಾಕತ್ತೀನಿ. ನೀ ಟಿಕೆಟ್ ಕೊಡು."

ಅವನು ಫ್ರೀ ಟಿಕೆಟ್ ಹರಿದು ಕೊಟ್ಟು, ಸದ್ದಿಲ್ಲದೆ ಹಿಂದಿನ ಸೀಟಿಗೆ ಹೋದ. ಶಹಾಪುರದಲ್ಲಿ ಮಲಗಿದ ಬುದ್ಧನಂಥ ಗುಡ್ಡ ಬಂದಾಗ ಅವಳು ಕಣ್ಣೊರೆಸಿಕೊಂಡು ಕೈ ಮುಗಿದಳು. ಆಮೇಲೆ ಯಾದಗಿರಿ ಬರುವವರೆಗೂ ಯಾರ ಮುಲಾಜೂ ಇಲ್ಲದೆ ಅತ್ತಳು.